ನಮ್ಮೂರ ಬ್ಯಾಂಡ್‌ಗಳ ಹೊಸ ಹಾಡು ಕಿವಿಗೆ ಬೀಳಬೇಕಾದರೆ

[ದೃಶ್ಯ: ಮೊಬೈಲ್ ಪರದೆ. ‘ಕನ್ನಡ ಹೊಸ ಹಾಡುಗಳು’ ಎಂದು ಟೈಪ್ ಆಗುತ್ತಿದೆ]

ನಮಸ್ಕಾರ. ಹೀಗೆ ಹುಡುಕಿದರೆ ಏನು ಬರುತ್ತದೆ ನೋಡಿ. ಸಿನಿಮಾ ಹಾಡು. ಅದರ ಕೆಳಗೆ ಇನ್ನೊಂದು ಸಿನಿಮಾ ಹಾಡು. ಅವು ಬೇಡ ಅಂತಲ್ಲ, ನಾನೂ ಕೇಳುತ್ತೇನೆ. ಆದರೆ ಬೆಂಗಳೂರಿನಲ್ಲಿ ತಾವೇ ಬರೆದು, ತಾವೇ ದುಡ್ಡು ಹಾಕಿ ರೆಕಾರ್ಡ್ ಮಾಡಿ, ತಾವೇ ಬಿಡುಗಡೆ ಮಾಡುವ ಎಷ್ಟೊಂದು ಜನ ಇದ್ದಾರೆ. ಅವರ ಹಾಡು ಈ ಪಟ್ಟಿಗೆ ಬರುವುದೇ ಅಪರೂಪ. ಅದನ್ನು ಹುಡುಕಿಕೊಂಡು ನಾವೇ ಹೋಗಬೇಕು.

ಗೊತ್ತಿರುವ ಒಂದು ಹೆಸರಿನಿಂದ ಶುರು ಮಾಡೋಣ. ರಘು ದೀಕ್ಷಿತ್ ಗೊತ್ತಲ್ವಾ? 2008ರಲ್ಲಿ ಅವರ ಮೊದಲ ಆಲ್ಬಂ ಬಂತು. ಶಿಶುನಾಳ ಶರೀಫರ ತತ್ವಪದ ಗಿಟಾರ್ ಜೊತೆ ಹಾಗೆ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಅವರ ತಮ್ಮ ವಾಸು ದೀಕ್ಷಿತ್. ವಾಸು ಹಾಡಿದ ಬ್ಯಾಂಡ್ ಸ್ವರಾತ್ಮ, ಶುರುವಾಗಿದ್ದು 2002ರಲ್ಲಿ. ಆಮೇಲೆ ಅವರು ಕಟ್ಟಿದ್ದು ವಾಸು ದೀಕ್ಷಿತ್ ಕಲೆಕ್ಟಿವ್. ನೋಡಿ, ಒಂದು ಹೆಸರು ಹಿಡಿದು ಹೊರಟರೆ ಇನ್ನೂ ಮೂರು ಸಿಕ್ಕವು.

[ದೃಶ್ಯ: ಹಾಡಿನ ಪಕ್ಕದ ಮೂರು ಚುಕ್ಕಿ, ಅದರೊಳಗೆ ಕ್ರೆಡಿಟ್ಸ್]

ಇದೇ ಕೆಲಸವನ್ನು ಹಾಡು ಕೇಳುವ ಆ್ಯಪ್‌ನಲ್ಲೂ ಮಾಡಬಹುದು. ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ತೆಗೆಯಿರಿ. ಡ್ರಮ್ಸ್ ಯಾರು, ಮಿಕ್ಸಿಂಗ್ ಯಾರದು? ಆ ಹೆಸರನ್ನು ಹುಡುಕಿ. ಒಬ್ಬರೇ ಡ್ರಮ್ಮರ್ ಎರಡು ಮೂರು ಬ್ಯಾಂಡ್‌ಗಳಲ್ಲಿ ಬಾರಿಸುವುದು ಇಲ್ಲಿ ಮಾಮೂಲು.

ನನಗೆ ಜಾಸ್ತಿ ಹಾಡು ಕೊಟ್ಟಿರುವುದು ಮಾತ್ರ ಪೋಸ್ಟರ್‌ಗಳು. ಒಂದು ಸಂಜೆ ಕೋರಮಂಗಲದಲ್ಲಿ ಒಂದು ಶೋಗೆ ಬೇಗ ಹೋಗಿಬಿಟ್ಟಿದ್ದೆ. ದೊಡ್ಡ ಬ್ಯಾಂಡ್ ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಮುಂದೆ ನಿಂತವರು ಹತ್ತು ಹನ್ನೆರಡು ಜನ. ಮೂವರ ಒಂದು ತಂಡ ನುಡಿಸುತ್ತಿತ್ತು. ಎರಡನೇ ಹಾಡಿನ ಮಧ್ಯೆ ಗಿಟಾರ್ ತಂತಿ ಕಿತ್ತುಹೋಯಿತು. ಬೇಸ್ ನುಡಿಸುವ ಹುಡುಗಿ ನಿಲ್ಲಿಸಲೇ ಇಲ್ಲ. ತಂತಿ ಬದಲಿಸಿ ಮುಗಿಯುವವರೆಗೂ ಅದೇ ನಾಲ್ಕು ಸ್ವರ ನುಡಿಸುತ್ತಾ ನಿಂತಳು. ಮನೆಗೆ ಬಂದ ಮೇಲೂ ಅದೇ ಕಿವಿಯಲ್ಲಿ. ತಂಡದ ಹೆಸರು ಮಾತ್ರ ನೆನಪಿರಲಿಲ್ಲ. ಮರುದಿನ ಪೋಸ್ಟರ್ ಹುಡುಕಿ ನೋಡಿದರೆ, ಕೊನೇ ಸಾಲಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ಅವತ್ತಿನಿಂದ ನಾನು ಪೋಸ್ಟರನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ.

ಹುಡುಕುವಾಗ ಒಂದು ಎಡವಟ್ಟು ಆಗುತ್ತದೆ. ಊರಿನ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಬೆಂಗಳೂರು ಆಗಿದ್ದು 2014ರ ನವೆಂಬರ್ 1ರಂದು. ಆದರೂ ಎಷ್ಟೋ ಕಲಾವಿದರು ಇನ್ನೂ ‘ಬ್ಯಾಂಗಲೋರ್’ ಎಂದೇ ಬರೆಯುತ್ತಾರೆ. ಕಲಾವಿದರು ತಮ್ಮ ಹಾಡನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟ್‌ನಲ್ಲಿ ಊರಿನ ಟ್ಯಾಗ್ ಒತ್ತಿ ಹೊಸ ಆಲ್ಬಂ ನೋಡಬಹುದು. ಎರಡೂ ಸ್ಪೆಲ್ಲಿಂಗ್ ಹಾಕಿ. ಬರೀ ‘ಕನ್ನಡ’ ಅಂತ ಹುಡುಕಿ ಸುಮ್ಮನಾಗಬೇಡಿ. ಪರ್ವಾಜ್ ಬೆಂಗಳೂರಿನದೇ ಬ್ಯಾಂಡ್, ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. ಅದೂ ನಮ್ಮೂರಿನ ಸಂಗೀತವೇ.

[ದೃಶ್ಯ: ಫಾಲೋ ಬಟನ್, ಹತ್ತಿರದಿಂದ]

ಹೆಸರು ಸಿಕ್ಕಿತಾ? ಫಾಲೋ ಒತ್ತಿ. ಲೈಕ್ ಮಾಡಿ ಬಿಟ್ಟರೆ ಸಾಲದು. 2015ರ ಜುಲೈನಿಂದ ಜಗತ್ತಿನ ಬಹುತೇಕ ಕಡೆ ಹೊಸ ಹಾಡು ಬಿಡುವ ದಿನ ಶುಕ್ರವಾರ. ಸ್ಪಾಟಿಫೈಯಲ್ಲಿ ರಿಲೀಸ್ ರೇಡಾರ್ ಎಂಬ ಪಟ್ಟಿ ಇದೆ. ಅದೂ ಪ್ರತಿ ಶುಕ್ರವಾರ ಬದಲಾಗುತ್ತದೆ. ನೀವು ಫಾಲೋ ಮಾಡಿದವರ ಹೊಸ ಹಾಡು ಅಲ್ಲಿಗೆ ಬರುತ್ತದೆ. ಹೊರದೇಶದಲ್ಲಿರುವವರಿಗೆ ಇನ್ನೊಂದು ಮಾತು. ಕೆಲವು ತಿಂಗಳು ಬ್ಯಾಂಡ್‌ಕ್ಯಾಂಪ್ ಫ್ರೈಡೇ ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾಗಿದ್ದು. ಆ ದಿನ ಕಂಪನಿ ಮಾರಾಟದಲ್ಲಿನ ತನ್ನ ಪಾಲನ್ನು ಕಲಾವಿದರಿಗೇ ಬಿಟ್ಟುಕೊಡುತ್ತದೆ. ಆಲ್ಬಂ ಕೊಳ್ಳುವುದಿದ್ದರೆ ಅವತ್ತು ಕೊಳ್ಳಿ.

ನೀವು ಒಂದು ಸಲ ಕೇಳಿದರೆ ಏನು ಮಹಾ ಅನ್ನಿಸಬಹುದು. 2024ರಿಂದ ಸ್ಪಾಟಿಫೈಯಲ್ಲಿ ಒಂದು ನಿಯಮ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳದ ಹಾಡಿಗೆ ರಾಯಲ್ಟಿ, ಅಂದರೆ ಕೇಳಿದ್ದಕ್ಕೆ ಬರುವ ದುಡ್ಡು, ಇಲ್ಲ. ಸಿನಿಮಾ ಹಾಡಿಗೆ ಸಾವಿರ ಲೆಕ್ಕಕ್ಕೇ ಇಲ್ಲ. ಹತ್ತು ಜನರ ಮುಂದೆ ನುಡಿಸುವ ತಂಡಕ್ಕೆ ಅದು ಬೆಟ್ಟ.

ಆ ಮೂವರ ತಂಡದ ಹೊಸ ಹಾಡು ಹೋದ ಶುಕ್ರವಾರ ನನ್ನ ಪಟ್ಟಿಯಲ್ಲಿ ತಾನಾಗಿಯೇ ಬಂದು ಕೂತಿತ್ತು. ಪಕ್ಕದಲ್ಲಿ ‘ಸಾವಿರಕ್ಕಿಂತ ಕಡಿಮೆ’ ಎಂಬ ಗುರುತು. ಬೇಸ್ ಶುರುವಾದ ಕೂಡಲೇ ಅವಳೇ ಅಂತ ಗೊತ್ತಾಯಿತು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದೆ.