ನೀರುಗುಹೆ: ಕಷ್ಟ ಬೇರೆ, ಅಪಾಯ ಬೇರೆ

[ದೃಶ್ಯ: ಪೂರ್ತಿ ಕತ್ತಲು. ಧ್ವನಿ ಮಾತ್ರ.]

ನಿಮ್ಮ ಮೊಬೈಲ್ ಕೆಟ್ಟಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಅಂಕಲಿ ಮಠದ ಗುಹೆಯೊಳಗೆ ನಿಂತಿದ್ದೇನೆ. ದಾರಿ ತೋರಿಸಲು ಬಂದ ಯಜಮಾನರು "ಬ್ಯಾಟರಿ ಆರಿಸಿ ನೋಡಿ ಸರ್" ಎಂದರು, ಆರಿಸಿದೆ. ಮೂಗಿನ ಮುಂದೆ ಹಿಡಿದ ಕೈ ಕಾಣುತ್ತಿಲ್ಲ. ಬಂದ ದಾರಿ ಎಡಕ್ಕಿತ್ತೋ ಬಲಕ್ಕಿತ್ತೋ, ಆಗಲೇ ಅನುಮಾನ. ಈಗ ಇದೇ ಕೋಣೆಯಲ್ಲಿ ಚಾವಣಿಯವರೆಗೂ ನೀರು ತುಂಬಿದೆ ಎಂದುಕೊಳ್ಳಿ.

[ದೃಶ್ಯ: ಟಾರ್ಚ್ ಹೊತ್ತುತ್ತದೆ. ನಿರೂಪಕನ ಮುಖ.]

ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಂಪನಿ ಕೆಲಸದ ಮೇಲೆ ಮೆಕ್ಸಿಕೊಗೆ ಹೊರಟಿದ್ದಾನೆ. ಹೋದ ವರ್ಷ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ತರಬೇತುದಾರರ ಕೈ ಹಿಡಿದು ಒಂದು ಸಲ ಸ್ಕೂಬಾ ಮಾಡಿ ಬಂದವನು. ಮೊನ್ನೆ ಯುಕಟಾನ್ ಪ್ರದೇಶದ ನೀರುಗುಹೆಯ ಫೋಟೊ ಕಳಿಸಿ ಕೇಳಿದ: "ಅಣ್ಣ, ನೀರು ಕನ್ನಡಿಯ ಹಾಗಿದೆ. ಇದು ಸುಲಭದ ಗುಹೆ ತಾನೇ?"

ಸುಲಭದ್ದೇ. ನನಗೆ ಭಯವಾದದ್ದೂ ಅದಕ್ಕೇ.

[ದೃಶ್ಯ: ಕೋಟೆಯ ಬಂಡೆಗಳು, ನಂತರ ಸುಣ್ಣಕಲ್ಲಿನ ಸುರಂಗದ ರೇಖಾಚಿತ್ರ.]

ನಮ್ಮ ಕೋಟೆಯ ಗ್ರಾನೈಟ್ ಬಂಡೆ ಮಳೆಗೆ ಜಗ್ಗುವುದಿಲ್ಲ. ಯುಕಟಾನ್, ಫ್ಲಾರಿಡಾಗಳ ನೆಲ ಸುಣ್ಣಕಲ್ಲು. ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಅದನ್ನು ಕರಗಿಸುತ್ತಾ ಕಿಲೋಮೀಟರ್‌ಗಟ್ಟಲೆ ಸುರಂಗ ಕೊರೆದಿದೆ. ಆಳ, ದೂರ, ಚಳಿ, ಸೆಳೆತ, ಇಕ್ಕಟ್ಟು, ಕವಲುದಾರಿ: ಗುಹೆಯ ಕಷ್ಟವನ್ನು ಅಳೆಯುವುದು ಇವುಗಳಿಂದ. ಅಪಾಯವನ್ನು ಅಳೆಯುವಾಗ ಕೇಳಬೇಕಾದದ್ದು ಬೇರೆ. ಒಂದು ಕೆಟ್ಟರೆ ಸರಿಪಡಿಸಲು ಎಷ್ಟು ನಿಮಿಷ ಸಿಗುತ್ತದೆ? ಸಮುದ್ರದಲ್ಲಾದರೆ ಏನೇ ಆದರೂ ಬಾಗಿಲು ತಲೆಯ ಮೇಲಿದೆ. ಗುಹೆಯಲ್ಲಿ ತಲೆಯ ಮೇಲೆ ಕಲ್ಲು. ಬಾಗಿಲು ಇರುವುದು ಬಂದ ದಾರಿಯ ತುದಿಯಲ್ಲಿ ಮಾತ್ರ.

ತಮ್ಮನಿಗೆ ನಾನು ಕಳಿಸಿದ್ದು ಒಂದು ಲೆಕ್ಕ. ಪೆನ್ನು ಹಿಡಿದುಕೊಳ್ಳಿ.

[ದೃಶ್ಯ: ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ.]

12 ಲೀಟರ್ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಉಸಿರಾಡಲು ಸಿಗುವುದು ಸುಮಾರು 2400 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಸೇದುವವನು 30 ಮೀಟರ್ ಆಳದಲ್ಲಿ 80 ಲೀಟರ್ ಸೇದುತ್ತಾನೆ. ನೀರಿನ ಮೇಲಿರುವ ಒಂದು ವಾತಾವರಣದ ಒತ್ತಡಕ್ಕೆ ಪ್ರತಿ 10 ಮೀಟರ್‌ಗೆ ಇನ್ನೊಂದು ಕೂಡುತ್ತದಲ್ಲ, ಅದಕ್ಕೇ ನಾಲ್ಕು ಪಟ್ಟು. ಒಟ್ಟು 30 ನಿಮಿಷ. ಗುಹೆ ಮುಳುಗುಗಾರರ ನಿಯಮ ಮೂರನೇ ಒಂದು ಪಾಲಿನದು: ಹೋಗಲು ಒಂದು ಪಾಲು, ಬರಲು ಒಂದು, ಆಪತ್ತಿಗೆ ಒಂದು. ಹತ್ತು ನಿಮಿಷ ಒಳಗೆ ಹೋದೊಡನೆ ತಿರುಗಲೇಬೇಕು.

ಆ ತಿರುಗುವ ಜಾಗದಲ್ಲೇ ಜೊತೆಗಾರನ ಗಾಳಿ ಪೂರ್ತಿ ಸೋರಿಹೋಯಿತು ಎನ್ನಿ. ನಿಮ್ಮಲ್ಲಿ ಉಳಿದಿರುವ 1600 ಲೀಟರ್‌ನಲ್ಲಿ ಇಬ್ಬರು ಬರಬೇಕು. ನಿಮಿಷಕ್ಕೆ 160, ಹತ್ತು ನಿಮಿಷಕ್ಕೆ 1600. ಸರಿಹೋಯಿತು, ಒಂದು ಲೀಟರೂ ಮಿಗಲಿಲ್ಲ. ಆದರೆ ಹೆದರಿದವನು ಸಮಾಧಾನವಾಗಿ ಉಸಿರಾಡುತ್ತಾನೆಯೇ? 20ರ ಬದಲು 30ರ ಲೆಕ್ಕದಲ್ಲಿ ಸೇದಿದರೆ ಅದೇ ಗಾಳಿ ಏಳು ನಿಮಿಷವೂ ಬಾರದು. ದಾರಿ ಮಾತ್ರ ಹತ್ತು ನಿಮಿಷದ್ದೇ. ಗುಹೆಗೆ ಇಳಿಯುವವರು ಜೋಡಿ ಸಿಲಿಂಡರ್ ಹೊರುವುದು, ಬಲ್ಲವರು ಮೂರನೇ ಒಂದಕ್ಕಿಂತ ಮೊದಲೇ ತಿರುಗುವುದು ಸುಮ್ಮನೆ ಅಲ್ಲ. ನೀರು ಒಳಕ್ಕೆ ಸೆಳೆಯುವ ಗುಹೆಯಾದರಂತೂ ಹೋಗುವಾಗ ಇಳಿಜಾರು, ಬರುವಾಗ ಏರು. ಅಲ್ಲಿ ಸಮಪಾಲು ಎಂಬ ಮಾತೇ ಸಲ್ಲದು.

[ದೃಶ್ಯ: ಕೋಟೆ. ಒನಕೆ ಓಬವ್ವನ ಕಿಂಡಿ.]

ಇದರೊಳಗೆ ನುಸುಳಿದವರಿಗೆ ಗೊತ್ತು: ಒಮ್ಮೆಗೆ ಒಬ್ಬರೇ. ಹೈದರಾಲಿಯ ಸೈನಿಕರು ಒನಕೆಗೆ ಸಿಕ್ಕಿದ್ದೂ ಒಬ್ಬೊಬ್ಬರಾಗಿಯೇ. ನೀರೊಳಗಿನ ಇಂಥ ಕಿಂಡಿಯಲ್ಲಿ ಒಂದೇ ಸಿಲಿಂಡರ್‌ನಿಂದ ಇಬ್ಬರು ಅಕ್ಕಪಕ್ಕದಲ್ಲಿ ಉಸಿರಾಡಲಾಗದು. ಅದಕ್ಕೇ ಬಾಯಿಗೆ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರ್‌ಗಳಲ್ಲಿ ಒಂದಕ್ಕೆ ಸುಮಾರು ಏಳು ಅಡಿಯ ಕೊಳವೆ ಇಟ್ಟುಕೊಳ್ಳುತ್ತಾರೆ. ಹಿಂದೆ ಮುಂದೆ ಸಾಲಾಗಿ ಹೊರಬರಬಹುದು.

ಇನ್ನು ಕನ್ನಡಿಯಂಥ ನೀರಿನ ವಿಚಾರ. ನಮ್ಮೂರ ಕೆರೆಯಲ್ಲಿ ಎಮ್ಮೆ ಇಳಿದಾಗ ನೋಡಿದ್ದೀರಲ್ಲ, ಹಾಗೆಯೇ. ಕಾಲಿನ ಈಜುರೆಕ್ಕೆ ತಳಕ್ಕೆ ಒಮ್ಮೆ ತಗುಲಿದರೆ ಹೂಳು ಎದ್ದು ಟಾರ್ಚ್ ಬೆಳಕೂ ಕುರುಡಾಗುತ್ತದೆ. ಆಗ ಕೈಗೆ ಸಿಗಬೇಕಾದದ್ದು ಗುಹೆಯ ಬಾಯಿಯಿಂದ ಕಡಿಯದೆ ಎಳೆದುತಂದ ನೈಲಾನ್ ದಾರ. ಅಮೆರಿಕದ ಗುಹೆ ಮುಳುಗುಗಾರ ಶೆಕ್ ಎಕ್ಸ್‌ಲಿ ನೀರುಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಕೈಪಿಡಿ ಬರೆದ. ಮತ್ತೆ ಮತ್ತೆ ಕಂಡದ್ದು ಇವೇ: ದಾರ ಇರಲಿಲ್ಲ, ಗಾಳಿ ಉಳಿಸಿರಲಿಲ್ಲ, ಆಳ ಮಿತಿಮೀರಿತ್ತು. ಅದೇ ಎಕ್ಸ್‌ಲಿ 1994ರಲ್ಲಿ ಮೆಕ್ಸಿಕೊದ ಜಕಾಟೋನ್ ಎಂಬ ಪಾತಾಳಗುಂಡಿಯ ತಳ ಮುಟ್ಟಲು ಹೋಗಿ ತೀರಿಕೊಂಡ. ಅವನಿಗೆ ನಿಯಮ ಗೊತ್ತಿರಲಿಲ್ಲ ಎನ್ನಲಾದೀತೇ?

[ದೃಶ್ಯ: ಥಾಯ್ಲೆಂಡ್‌ನ ನಕ್ಷೆ.]

ಕಷ್ಟ ಕಣ್ಣಿಗೆ ರಾಚುವ ಗುಹೆಗೆ ಉದಾಹರಣೆ 2018ರ ಥಾಮ್ ಲುವಾಂಗ್. ಕೆಸರುನೀರು, ಸೆಳೆತ, ಇಕ್ಕಟ್ಟು. ಒಳಗೆ ಸಿಕ್ಕಿಬಿದ್ದವರು 12 ಹುಡುಗರು ಮತ್ತು ಅವರ ಕೋಚ್. ಎಲ್ಲರಿಗೂ ಹೆದರಿಕೆಯಿತ್ತು. ಆದ್ದರಿಂದಲೇ ದಾರಿಯುದ್ದಕ್ಕೂ ಸಿಲಿಂಡರ್ ಇಟ್ಟರು, ಹುಡುಗರು ಗಾಬರಿಯಾಗದಂತೆ ಮಂಪರು ಮದ್ದು ಕೊಟ್ಟು ತಂದರು. ಹದಿಮೂರು ಜನರೂ ಬದುಕಿದರು. ಸಿಲಿಂಡರ್ ಇಟ್ಟು ಮರಳುತ್ತಿದ್ದ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನನ್ ಬದುಕಲಿಲ್ಲ.

[ದೃಶ್ಯ: ಮತ್ತೆ ಅಂಕಲಿ ಮಠ. ಹೆಬ್ಬೆರಳು ಎತ್ತಿದ ಕೈ.]

ಈ ಸನ್ನೆ ನಮಗೆ 'ಭೇಷ್'. ನೀರೊಳಗೆ ಇದರ ಅರ್ಥ 'ಮುಗಿಸೋಣ, ಮರಳೋಣ'. ಗುಹೆಯಲ್ಲಿ ಯಾರು ತೋರಿಸಿದರೂ, ಹೊಸಬನೇ ಆಗಿರಲಿ, ಕಾರಣ ಕೇಳದೆ ಎಲ್ಲರೂ ತಿರುಗಬೇಕು. ಒಬ್ಬೊಬ್ಬರ ಬಳಿ ಮೂರು ಟಾರ್ಚ್ ಇರಬೇಕು. ಒಂದು ಆರಿದರೂ ಅಂದಿನ ಆಟ ಮುಗಿಯಿತು.

ಲೆಕ್ಕ ನೋಡಿದ ತಮ್ಮ ರಾತ್ರಿ ಫೋನ್ ಮಾಡಿದ. "ಅಣ್ಣ, ಬೆಳಕು ಕಾಣುವಷ್ಟು ದೂರ, ಬಾಯಿಯ ಹತ್ತಿರ ಮಾತ್ರ ಹೋದರೆ?" ಅದಕ್ಕೆ ಅಲ್ಲಿ ಮಾರ್ಗದರ್ಶಕರಿದ್ದಾರೆ. ಆದರೆ ಅವರು ಮೊದಲು ಕೇಳುವುದು ತೆರೆದ ನೀರಿನ ತರಬೇತಿಯ ಪ್ರಮಾಣಪತ್ರ. ನೇತ್ರಾಣಿಯಲ್ಲಿ ತೆಗೆದ ಫೋಟೊ ಸಾಲದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕೋರ್ಸ್‌ಗೆ ಎಷ್ಟು ದಿನ ಬೇಕು ಎಂದು ಕೇಳಿದ.