ಹುಟ್ಟುವಾಗಲೇ ಹಳತಾಗಿದ್ದ ಆಲ್ಬಂ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವ ನೀಲಿ ಛಾಯೆಯ ಮುಖಪುಟ, 1994ರ ಆಗಸ್ಟ್‌ನಲ್ಲಿ ಬಿಡುಗಡೆಯಾದ, ಇಂಗ್ಲೆಂಡಿನ ಪೋರ್ಟಿಸ್‌ಹೆಡ್ ಎಂಬ ಸಂಗೀತ ತಂಡದ ಮೊದಲ ಆಲ್ಬಂ ‘ಡಮ್ಮಿ’ಯದು. ತಂಡದವರೇ ತಯಾರಿಸಿದ ಕಿರುಚಿತ್ರವೊಂದರಿಂದ ತೆಗೆದುಕೊಂಡ ಈ ದೃಶ್ಯದಲ್ಲಿರುವವರು ಗಾಯಕಿ ಬೆತ್ ಗಿಬನ್ಸ್. ಮೂರು ದಶಕ ಕಳೆದರೂ ಈ ಆಲ್ಬಂ ಏಕೆ ಹಳಸಿಲ್ಲ ಎಂದು ಕೇಳಿದರೆ, ಹೆಚ್ಚಿನವರು ಅದರ ವಿಷಾದವನ್ನು ಹೊಗಳುತ್ತಾರೆ. ವಿಷಾದದ ಹಾಡುಗಳಿಗೆ ಯಾವ ಕಾಲದಲ್ಲೂ ಬರವಿರಲಿಲ್ಲವಾದ್ದರಿಂದ ನನಗೆ ಆ ಉತ್ತರ ಸಾಲದು. ಇದರ ಗುಟ್ಟು ಧ್ವನಿಯನ್ನು ತಯಾರಿಸಿದ ಕ್ರಮದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ತಂಡದ ಜೆಫ್ ಬ್ಯಾರೋ ಬ್ರಿಸ್ಟಲ್ ನಗರದ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ನೋಡಿಕೊಳ್ಳುವ ಹುಡುಗನಾಗಿ ಕೆಲಸಕ್ಕಿದ್ದವರು. ಅದೇ ಊರಿನ ಮ್ಯಾಸಿವ್ ಅಟ್ಯಾಕ್ ತಂಡದ, 1991ರಲ್ಲಿ ಹೊರಬಂದ ಆಲ್ಬಂ ‘ಬ್ಲೂ ಲೈನ್ಸ್’ ರೂಪುಗೊಳ್ಳುತ್ತಿದ್ದಾಗ ಅವರು ಅಲ್ಲೇ ಇದ್ದರು. ಹಳೆಯ ರೆಕಾರ್ಡುಗಳ ತುಣುಕುಗಳನ್ನು ಎತ್ತಿಕೊಂಡು, ನಿಧಾನಗೊಳಿಸಿ, ಸುತ್ತಿ ಸುತ್ತಿ ನುಡಿಸುವ ಹಿಪ್ ಹಾಪ್ ವಿದ್ಯೆ ಆ ಊರಿನ ಹುಡುಗರಿಗೆ ಕರಗತವಾಗಿತ್ತು. ‘ಡಮ್ಮಿ’ಯಲ್ಲೂ ಅದು ಧಾರಾಳವಾಗಿದೆ: ‘ಸವರ್ ಟೈಮ್ಸ್’ ಹಾಡಿನ ತಳಹದಿ ಚಲನಚಿತ್ರ ಸಂಗೀತಕ್ಕೆ ಹೆಸರಾದ ಲಾಲೋ ಶಿಫ್ರಿನ್ ಅವರ ಸಂಗೀತ, ‘ಗ್ಲೋರಿ ಬಾಕ್ಸ್’ನದು ಅಮೆರಿಕದ ಸೋಲ್ ಗಾಯಕ ಐಸಾಕ್ ಹೇಯ್ಸ್ ಅವರದು.

ಆದರೆ ಪೋರ್ಟಿಸ್‌ಹೆಡ್ ಅಷ್ಟಕ್ಕೇ ನಿಲ್ಲಲಿಲ್ಲ. ಜಾಝ್ ಹಿನ್ನೆಲೆಯ ಗಿಟಾರ್ ವಾದಕ ಏಡ್ರಿಯನ್ ಅಟ್ಲಿ ಮತ್ತು ಇತರರು ನುಡಿಸಿದ್ದನ್ನು ಧ್ವನಿಮುದ್ರಿಸಿ, ಅದನ್ನು ವಿನೈಲ್ ರೆಕಾರ್ಡಿಗೆ ಅಚ್ಚು ಹಾಕಿಸಿ, ಆ ರೆಕಾರ್ಡುಗಳನ್ನು ನೆಲದ ಮೇಲೆ ಹಾಕಿ ತುಳಿದು, ಗೀರು ಬಿದ್ದು ಚಟಪಟ ಸದ್ದು ಬರುವಂತಾದ ಮೇಲೆ ಅವುಗಳಿಂದಲೇ ಮತ್ತೆ ತುಣುಕುಗಳನ್ನು ಎತ್ತಿಕೊಂಡರು. ಅಂದರೆ ತಾವೇ ನುಡಿಸಿದ್ದನ್ನು ಯಾರೋ ಎಂದೋ ನುಡಿಸಿ ಮರೆತದ್ದರಂತೆ ಬಳಸಿಕೊಂಡರು. ಆ ವರ್ಷದ ಹೊಸ ಸಿಂಥಸೈಜರ್ ಸದ್ದುಗಳನ್ನು ನೆಚ್ಚಿಕೊಂಡ ಎಷ್ಟೋ ಆಲ್ಬಂಗಳನ್ನು ಇಂದು ಕೇಳಿದರೆ ತಕ್ಷಣ ಇಸವಿ ಹೇಳಿಬಿಡಬಹುದು. ಬಿಡುಗಡೆಯ ದಿನವೇ ಮುದಿಯಾಗಿದ್ದ ‘ಡಮ್ಮಿ’ಗೆ ಇನ್ನಷ್ಟು ಮುಪ್ಪಾಗಲು ಅವಕಾಶವೇ ಉಳಿಯಲಿಲ್ಲ.

ಈ ಸವೆದ ಸದ್ದಿನ ಮೇಲೆ ಗಿಬನ್ಸ್ ಅವರ ದನಿ ಮಾತ್ರ ಸವೆಯದೆ, ಕಿವಿಯ ಪಕ್ಕದಲ್ಲೇ ನಿಂತಂತೆ ಕೇಳಿಸುತ್ತದೆ. ‘ರೋಡ್ಸ್’ ಹಾಡನ್ನು ಗಮನಿಸಿ. ನಡುಗುವ ಎಲೆಕ್ಟ್ರಿಕ್ ಪಿಯಾನೋ ಒಂದೇ ಸಾಗುತ್ತಿರುತ್ತದೆ, ಡ್ರಮ್ ತಡವಾಗಿ ಸೇರುತ್ತದೆ, ಪಿಟೀಲುಗಳ ಮೇಳ ಏರುತ್ತದೆ. ಇಷ್ಟೆಲ್ಲ ಕೂಡಿಕೊಂಡರೂ ಗಾಯಕಿ ದನಿ ಎತ್ತುವ ಆತುರ ತೋರಿಸುವುದಿಲ್ಲ, ಉಸಿರು ಇನ್ನೇನು ಮುರಿಯಬಹುದು ಎನ್ನುವಲ್ಲಿ ಸಾಲನ್ನು ಬಿಟ್ಟುಬಿಡುತ್ತಾರೆ. ‘ಗ್ಲೋರಿ ಬಾಕ್ಸ್’ನಲ್ಲಿ ಇದೇ ದನಿ ಬೇಡುತ್ತದೆ, ಬೆದರಿಸುತ್ತದೆ. ಅದೇ ಹೇಯ್ಸ್ ತುಣುಕನ್ನು ಬ್ರಿಸ್ಟಲ್‌ನವರೇ ಆದ ರ‍್ಯಾಪ್ ಗಾಯಕ ಟ್ರಿಕಿ ಮರುವರ್ಷ ತಮ್ಮ ಆಲ್ಬಂನಲ್ಲಿ ಬಳಸಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ, ತುಣುಕು ಒಂದೇ ಆದರೂ ಹಾಡು ಎಷ್ಟು ದೂರ ಹೋಗಬಲ್ಲದು ಎಂಬುದು ಗೊತ್ತಾಗುತ್ತದೆ.

ವರ್ಷದ ಉತ್ತಮ ಆಲ್ಬಂಗೆ ಬ್ರಿಟನ್‌ನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ 1995ರಲ್ಲಿ ಬಂದ ಮೇಲೆ ಈ ಸಂಗೀತ ಊಟದ ಮೇಜಿನ ಹಿನ್ನೆಲೆ ಸದ್ದೂ ಆಯಿತು. ಇಷ್ಟು ಕಳವಳದ ಹಾಡುಗಳನ್ನು ಕೇಳುತ್ತಾ ಜನ ಹೇಗೆ ಊಟ ಮಾಡಿದರೋ! ಹಿಪ್ ಹಾಪ್ ತಾಳವನ್ನು ನಿಧಾನಗೊಳಿಸಿದ ಈ ಬಗೆಯ ಸಂಗೀತಕ್ಕೆ ಅಂಟಿಸಿದ ಟ್ರಿಪ್ ಹಾಪ್ ಎಂಬ ಹಣೆಪಟ್ಟಿಯೂ ತಂಡದವರಿಗೆ ಹಿಡಿಸಲಿಲ್ಲ. ಅನುಕರಿಸಿದವರು ಅನೇಕರಿದ್ದರೂ, ನಿಧಾನದ ತಾಳ ಮತ್ತು ಮಂದ ದನಿ ಅವರಿಗೆ ಸುಲಭವಾಗಿ ದಕ್ಕಿತು, ಧ್ವನಿಯನ್ನು ಸವೆಸಿ ತಯಾರಿಸುವ ಆ ಹಟದ ದುಡಿಮೆ ದಕ್ಕಲಿಲ್ಲ.

ಮೊದಲ ಬಾರಿ ಕೇಳುವವರು ಹೆಸರಾದ ಹಾಡುಗಳನ್ನು ಆರಿಸಿಕೊಳ್ಳದೆ, ಮೊದಲ ಹಾಡು ‘ಮಿಸ್ಟೆರಾನ್ಸ್’ನಿಂದಲೇ ಕ್ರಮವಾಗಿ ಕೇಳಿ. ಫೋನಿನ ಸ್ಪೀಕರ್ ಮಾತ್ರ ಬೇಡ. ಅದರಲ್ಲಿ ಬಾಸ್ ಪೂರ್ತಿ ಕಳೆದುಹೋಗುತ್ತದೆ.