ರಿಟರ್ನ್ ಬರೆಯುವ ಮುನ್ನ

ಕೇಳುಗರಿಗೆ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂದು ಒಂದೇ ಮಾತು ಹೇಳುತ್ತೇನೆ: ಕೆಲಸ ಕೆಟ್ಟಾಗ ಕರ್ನಲ್ ಕೋಡ್ ಹೊರಬರುವ ದಾರಿಯನ್ನು ಓದಿ. ಕರ್ನಲ್ ಅಂದರೆ ಕಂಪ್ಯೂಟರಿನ ಮೆಮೊರಿ, ಸಾಧನಗಳನ್ನು ನಿಭಾಯಿಸುವ ಮೂಲ ಸಾಫ್ಟ್‌ವೇರ್. ಸಾಧಾರಣ ಪ್ರೋಗ್ರಾಂ ಕೆಟ್ಟು ನಿಂತರೆ ಅದು ಹಿಡಿದಿದ್ದ ಮೆಮೊರಿಯನ್ನು ಕರ್ನಲ್ ಮರಳಿ ಪಡೆಯುತ್ತದೆ. ಕರ್ನಲ್ಲೇ ಮರೆತರೆ ಕೇಳುವವರಿಲ್ಲ.

ಇಲ್ಲಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ತೂಕದ ಕಾಟಾಕ್ಕೆ ಜೋಡಿಸಿದ ಲಿನಕ್ಸ್ ಕಂಪ್ಯೂಟರ್ ಆಗಾಗ ಸ್ತಬ್ಧವಾಗುತ್ತಿತ್ತು. ಹೊರಗೆ ಚೀಲ ಹೇರಿದ ಟ್ರ್ಯಾಕ್ಟರ್‌ಗಳ ಸಾಲು, ಒಳಗೆ ಮುನೀಮರ ಗೊಣಗಾಟ. ಕಾಟಾ ನೋಡಿಕೊಳ್ಳುವ ಹುಡುಗ ಕರೆಂಟ್ ತೆಗೆದು ಹಾಕುತ್ತಿದ್ದ, ಸರಿಹೋಗುತ್ತಿತ್ತು. "ಬಿಸಿಲಿಗೆ ಹೀಗಾಗುತ್ತದೆ ಸರ್" ಎಂದ. ಅದು ಜನವರಿ ತಿಂಗಳು! ನಮ್ಮಲ್ಲಿ ಎಲ್ಲ ತಪ್ಪೂ ಬಿಸಿಲಿನದೇ.

ಕರ್ನಲ್ ಲಾಗ್ ತೆರೆದರೆ, ಪ್ರೋಗ್ರಾಂ 120 ಸೆಕೆಂಡಿಗೂ ಹೆಚ್ಚು ಹೊತ್ತು ಕಾಯುತ್ತಿದೆ ಎಂಬ ಎಚ್ಚರಿಕೆ. ಪ್ರೋಗ್ರಾಂ ನಿಲ್ಲಿಸುವ ಕಿಲ್ ಆಜ್ಞೆಗೂ ಅದು ಜಗ್ಗಲಿಲ್ಲ. ಕಾಟಾದೊಡನೆ ಮಾತಾಡುವ ಕರ್ನಲ್ ಭಾಗವಾದ ಡ್ರೈವರ್‌ನ ಕೋಡ್ ಸರಳವಾಗಿತ್ತು: ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ) ಬೀಗ ಹಾಕು, ತೂಕ ಓದು, ಬೀಗ ತೆಗೆ. ನಡುವೆ ಮಾತ್ರ, ಓದಲಾಗದಿದ್ದರೆ ನೇರ ರಿಟರ್ನ್. ಸಡಿಲ ಕೇಬಲಿನಿಂದ ಒಮ್ಮೆ ಓದು ತಪ್ಪಿದರೆ ಸಾಕು, ಫಂಕ್ಷನ್ ಬೀಗ ತೆಗೆಯದೆ ವಾಪಸ್. ಒಳಚಿಲಕ ಹಾಕಿ ಕಿಟಕಿಯಿಂದ ಹಾರಿಹೋದಂತೆ. ಮುಂದೆ ಬಂದವರು ಬಾಗಿಲಲ್ಲಿ ನಿಂತೇ ಇರಬೇಕು.

ಆ ರಿಟರ್ನ್ ಅಳಿಸಿ, ಬೀಗ ತೆಗೆಯುವ ಸಾಲಿಗೆ ಕಳುಹಿಸುವ ಗೋಟೂ ಬರೆದೆವು. ಗೋಟೂ ಬಳಸಲೇಬಾರದು ಎಂದು ತರಗತಿಯಲ್ಲಿ ಹೇಳಿರುತ್ತಾರೆ. ಇರಲಿ. ಇಂಥ ಜಾಗದಲ್ಲಿ ಲಿನಕ್ಸ್ ಕರ್ನಲ್‌ನ ಶೈಲಿ ನಿಯಮಗಳೇ ಅದನ್ನು ಒಪ್ಪುತ್ತವೆ. ಬಳಿಕ ಕೇಬಲನ್ನು ಬೇಕೆಂದೇ ಕಿತ್ತೆವು. ಇನ್‌ಪುಟ್-ಔಟ್‌ಪುಟ್ ದೋಷದ ಸಂಖ್ಯೆ ಮೈನಸ್ 5 ಬಂತು. ಮತ್ತೆ ಚುಚ್ಚಿದೆವು, ತೂಕ ಬಂತು. ಕರೆಂಟ್ ತೆಗೆಯಬೇಕಾಗಲಿಲ್ಲ. ಮುನೀಮರು ನಂಬದೆ ತಾವೇ ಒಮ್ಮೆ ಕಿತ್ತು ನೋಡಿದರು.

ಕಥೆಯೇ ಹೆಚ್ಚು ಹೊತ್ತು ತಿಂದಿತು, ಉಳಿದದ್ದು ಬೇಗ ಹೇಳುತ್ತೇನೆ. ಬೀಗವಾಗಲಿ ಮೆಮೊರಿಯಾಗಲಿ, ಮೊದಲು ಪಡೆದದ್ದನ್ನು ಕೊನೆಗೆ ಬಿಡಿ. ಮೆಮೊರಿ ಕೇಳುವ ಕೆಮ್ಯಾಲಾಕ್ ಫಂಕ್ಷನ್ ಸೋತರೆ ನಲ್, ಅಂದರೆ ಖಾಲಿ ವಿಳಾಸ, ಕೊಡುತ್ತದೆ; ಕೆಲವು ಫಂಕ್ಷನ್‌ಗಳು ಮೆಮೊರಿಯ ವಿಳಾಸ ಹಿಡಿಯುವ ಪಾಯಿಂಟರ್‌ನೊಳಗೇ ದೋಷಸಂಖ್ಯೆ ಅಡಗಿಸಿ ಕೊಡುತ್ತವೆ, ಅಲ್ಲಿ ನಲ್ ಪರೀಕ್ಷೆ ನಡೆಯದು. ಮೆಮೊರಿ ಸಿಗದಂತೆ ಬೇಕೆಂದೇ ಮಾಡಿ ಪರೀಕ್ಷಿಸುವ ಸೌಲಭ್ಯ ಕರ್ನಲ್‌ನಲ್ಲೇ ಇದೆ, ದಯವಿಟ್ಟು ಬಳಸಿ. ಹೊರಬರುವ ದಾರಿಯನ್ನು ಓದಿ ಎಂದು ಮತ್ತೊಮ್ಮೆ ಹೇಳುತ್ತೇನೆ. ತಿದ್ದುಪಡಿ ಕಳುಹಿಸುವಾಗ ತಪ್ಪು ನುಸುಳಿದ ಹಳೆಯ ಕಮಿಟ್‌ನ (ದಾಖಲಾದ ಬದಲಾವಣೆಯ) ಗುರುತನ್ನು 'ಫಿಕ್ಸಸ್' ಸಾಲಿನಲ್ಲಿ ಬರೆಯಿರಿ. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಅದು ಬೇಕಾಗುತ್ತದೆ. ನಮಸ್ಕಾರ.